ಮಾರಿ ದಾಟಿಸುವ ಕೆಂಚಯ್ಯ

ಸಂಸೆ ಊರಲ್ಲಿ ಕೆಂಚಯ್ಯ ಎದುರಾದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಆದರೆ ದನಗಳಿಗೆ ದೊಡ್ಡರೋಗ ಬಂತೆಂದರೆ ಎಲ್ಲರಿಗೂ ಅವನೇ ಬೇಕು. ಬಾಯಲ್ಲಿ ಹುಣ್ಣೆದ್ದು ಭೇದಿ ಹತ್ತಿದ ಒಂದು ದನಕ್ಕೆ ಅರಿಶಿನ ಬಳಿದು, ಕೊರಳಿಗೆ ಸೊಪ್ಪು ಕಟ್ಟಿ, ಹಗ್ಗವನ್ನು ಅವನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ಹಳ್ಳ ದಾಟಿಸಿ, ಆಚೆ ಊರಿನ ಗಡಿಯಲ್ಲಿ ಬಿಟ್ಟು ಬರಬೇಕು. ಮಾರಿ ತೊಲಗಿದಳು ಅಂತ ಇವರಿಗೆ ಸಮಾಧಾನ. ಆಚೆ ಊರಿನವರ ಗತಿ? ಅವರು ಬೇಕಾದರೆ ಮುಂದಿನ ಊರಿಗೆ ಅಟ್ಟಿಕೊಳ್ಳಲಿ! ಎಂಥಾ ಜನವಪ್ಪಾ ನಮ್ಮವರು. ಅಪ್ಪನ ಕಾಲದಿಂದ ಬಂದ ಈ ಕೆಲಸ ತನ್ನನ್ನು ಬಿಟ್ಟು ಬೇರೆಯವರಿಂದ ಆಗದು ಎಂದು ಕೆಂಚಯ್ಯನಿಗೆ ಜಂಬವೂ ಇತ್ತು. ಮುಂದೆ ಮಗಳು ಮುತ್ತಮ್ಮನನ್ನು ಅದೇ ಆಚೆ ಊರಿಗೆ ಕೊಟ್ಟ.

ಆಮೇಲೆ ರೋಗ ಬಂದ ವರ್ಷ ಸರ್ಕಾರದ ದನದ ಡಾಕ್ಟರೂ ಬಂದರು. ಸೂಜಿ ಚುಚ್ಚಿದರೆ ಹಾಲು ಬತ್ತುತ್ತದೆ ಎಂದು ಊರೆಲ್ಲ ಗೊಣಗಿತು. ಪಟೇಲ ಪರಮೇಶ್ವರಪ್ಪನವರು ತಮ್ಮ ದನಗಳಿಗೇ ಮೊದಲು ಚುಚ್ಚಿಸಿದ ಮೇಲೆ ಉಳಿದವರೂ ತಂದರು.

"ರೋಗ ಹತ್ತಿದ್ದನ್ನ ಹೊರಗೆ ಬಿಡ್ಬೇಡಿ, ಬೇರೆ ಕಟ್ಟಿ. ಇದೊಂದು ಸೋಮವಾರ ಬಿಟ್ಟು ಮುಂದಿನ ಸೋಮವಾರ ಆಚೆ ಊರಿಗೂ ಮದ್ದು ತರ್ತೀನಿ" ಎಂದರು ಡಾಕ್ಟರು.

ಕೆಂಚಯ್ಯ ಕೇಳಿದ: "ಹಂಗಾದ್ರೆ ಸ್ವಾಮಿ, ನಾ ಇಷ್ಟು ವರ್ಷ ದಾಟ್ಸಿದ್ದು?"

"ರೋಗನೇ ಮಾರಾಯ."

ಡಾಕ್ಟರು ಹೋದದ್ದೇ ತಡ, ಪಟೇಲರು ಒಂದು ರೋಗದ ಕಡಸಿಗೆ ಅರಿಶಿನ ಬಳಿಸಿದರು. "ಸೂಜಿ ಪಾಡಿಗೆ ಸೂಜಿ, ಮಾರಿ ಪಾಡಿಗೆ ಮಾರಿ. ಹಿಡ್ಕೊಂಡು ಹೋಗೋ ಕೆಂಚ."

"ಬ್ಯಾಡಿ ಅಯ್ಯಾ. ಮುತ್ತಮ್ಮಂಗೆ ಎದೆಹಾಲಿಲ್ಲ. ಕೂಸು ಬದುಕಿರೋದೇ ಅವಳ ಒಂದು ಹಸುವಿನ ಹಾಲಲ್ಲಿ. ಆ ಸೋಮವಾರದವರೆಗೆ ತಡೀರಿ."

"ಹೋದ ಸಲ ಆಚೆ ಊರಲ್ಲಿ ಕೂಸುಗಳೇ ಇರ್ಲಿಲ್ವೇನೋ?"

ಕೆಂಚಯ್ಯ ಕೈಗೆ ಕೊಟ್ಟ ಹಗ್ಗ ಕೆಳಗೆ ಹಾಕಿ ಮನೆಗೆ ನಡೆದ. ತಾನು ಒಲ್ಲೆ ಎಂದರೆ ಮಾರಿ ಊರಲ್ಲೇ ನಿಂತಳು ಎಂದೇ ಅವನ ನಂಬಿಕೆ, ಪಾಪ. ಪಟೇಲರು ಅದೇ ಹಗ್ಗವನ್ನು ತಮ್ಮ ಆಳಿನ ಕೈಗೆ ಕೊಟ್ಟರು. ಅದು ಇವನ ಕಿವಿಗೆ ಬೀಳಲಿಲ್ಲ.

ಆ ಸೋಮವಾರ ಮದ್ದಿನ ಪೆಟ್ಟಿಗೆಯನ್ನು ತಾನೇ ತಲೆಯ ಮೇಲೆ ಹೊತ್ತು, ಡಾಕ್ಟರ ಮುಂದೆ ಮುಂದೆ ಹಳ್ಳ ದಾಟಿದ. ಮೊಮ್ಮಗುವನ್ನು ನೋಡುವ ಖುಷಿ ಬೇರೆ. ಮುತ್ತಮ್ಮನ ಅಂಗಳದಲ್ಲಿ ಹಸು ಜೊಲ್ಲು ಸುರಿಸುತ್ತ ಮಲಗಿತ್ತು. ಡಾಕ್ಟರು ಅದರ ಬಾಯಿ ಬಿಡಿಸಿ ನೋಡಿದರು. ಇದಕ್ಕೆ ಇನ್ನು ಮದ್ದು ಹತ್ತುವುದಿಲ್ಲ ಎಂದು ಹೇಳಿ, ಪಕ್ಕದ ಮನೆಯ ಎತ್ತಿನ ಕಡೆ ಹೋದರು. ಒಳಗೆ ಕೂಸು ಅಳುತ್ತಿತ್ತು.

"ಅಪ್ಪಯ್ಯಾ, ಆ ಅರಿಶಿನದ ಕಡಸು ತಂದು ಬಿಡುವಾಗ ನನ್ನ ಕೂಸಿನ ಮುಖನೂ ನೆನಪಾಗ್ಲಿಲ್ವಾ ನಿಂಗೆ?" ಎಂದಳು ಮುತ್ತಮ್ಮ.

ನಾನಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಸೂಜಿಗೆ ದನ ಹಿಡಿದುಕೊಂಡು ಬಂದಿದ್ದ ಆ ಊರಿನವರೆಲ್ಲ, ಹೋದ ಸಲ ಅವನು ದಾಟಿಸಿದ ರೋಗಕ್ಕೆ ಕೊಟ್ಟಿಗೆ ಬರಿದು ಮಾಡಿಕೊಂಡವರು, ಅವನ ಮುಖವನ್ನೇ ನೋಡುತ್ತ ನಿಂತಿದ್ದರು.

"ಹೂಂ ಕಣವ್ವಾ, ನಾನೇ" ಎಂದ ಕೆಂಚಯ್ಯ.