ರುಚಿ ಕೆಟ್ಟ ಜಾಡಿ

ಜಾಡಿಯ ರುಚಿ ಕೆಟ್ಟರೆ ಮನೆ ಕೆಡುತ್ತದೆ ಎನ್ನುವುದು ನಮ್ಮ ಮಾಪೊ ಗುಡ್ಡದ ಹೆಂಗಸರ ಮಾತು. ಹಾಗಾಗಿ ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಮಲ್ಸುನಮ್ಮ ಹಿತ್ತಲ ಜಾಡಿಯಲ್ಲಿ ಹುಳಿಸಿಟ್ಟ, ಅಡುಗೆಗೆಲ್ಲ ಬೀಳುವ ಸೋಯಾ ರಸ ನೆಕ್ಕಿ, "ಕೆಟ್ಟೋಯ್ತು" ಎಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲಿಗೆ ಓಡಿದೆ.

ಯುದ್ಧದಲ್ಲಿ ಗಂಡ ಹೋದ ಮೇಲೆ ಅವಳು ಆ ರಸವನ್ನೇ ತಲೆಯ ಮೇಲೆ ಹೊತ್ತು ಮಾರಿ ಮಗ ಗ್ಯೂತೆಯನ್ನು ಓದಿಸಿದವಳು. ಉಗ್ರಾಣದ ಕೀಲಿ ಸದಾ ಅವಳ ಸೊಂಟದಲ್ಲೇ. ಸೊಸೆ ಒಕ್ಬುನ್ ಒಮ್ಮೆ, "ಅತ್ತೆ, ಅಂಗಡೀಲಿ ಬಾಟ್ಲಿ ರಸ ಸಿಗುತ್ತೆ, ಇಷ್ಟು ಒದ್ದಾಟ ಯಾಕೆ?" ಎಂದಿದ್ದಳು. ಅಷ್ಟು ಸಾಕಾಯಿತು.

"ಬಾಟ್ಲೀದು ಬೆರೆಸಿದ್ದಾಳೆ, ಮನೆಹಾಳಿ. ಇವಳಿದ್ರೆ ನಾನಿರಲ್ಲ," ಎಂದು ಮುದುಕಿ ಊಟ ಬಿಟ್ಟು ಮಲಗಿದಳು.

ನಾನು ಬೆರಳದ್ದಿ ನೋಡಿದೆ. ಎಂದಿನ ರುಚಿಯೇ. ಗ್ಯೂತೆಗೆ ಹಾಗೆಂದೆ.

"ಅಮ್ಮನ ನಾಲಿಗೆಗಿಂತ ನಿಮ್ಮ ನಾಲಿಗೆ ದೊಡ್ಡದಾ, ಚಿಕ್ಕಮ್ಮ?"

"ನನ್ನ ನಾಲಿಗೆ ಉದ್ದ ಅಂತ ಬೀದಿಗೇ ಗೊತ್ತು ಕಣೋ. ಸುಳ್ಳು ಮಾತ್ರ ಹೇಳಲ್ಲ."

ತಾಯಿ ಸತ್ತಾಳೆಂಬ ಹೆದರಿಕೆಗೆ ಆ ಹೇಡಿ ಹೆಂಡತಿಯನ್ನು ತವರಿಗೆ ಅಟ್ಟಿದ. ಅವರ ವರ್ಷ ತುಂಬದ ಮಗು ಗಂಡನ ವಂಶದ್ದು, ಇಲ್ಲೇ ಇರಬೇಕಂತೆ. "ಇನ್ನೂ ಹಾಲು ಬಿಡಿಸಿಲ್ಲ, ಅತ್ತೆ," ಎಂದಳು ಒಕ್ಬುನ್ ಬಾಗಿಲಲ್ಲಿ. ರವಿಕೆ ಒದ್ದೆಯಾಗಿತ್ತು. ಮಲ್ಸುನಮ್ಮ ಮಗುವನ್ನು ಕಸಿದು ತನ್ನ ಬೆನ್ನಿಗೆ ಕಟ್ಟಿಕೊಂಡಳು.

ಬೇಸಿಗೆಯಲ್ಲಿ ಒಂದು ದಿನ ಅವಳು ಕೊಟ್ಟ ಸಾರು ಬಾಯಿಗಿಟ್ಟರೆ ಬರೀ ಉಪ್ಪು. ನಾನು ಉಗುಳಿದೆ. ಅವಳು ಮಾತ್ರ ಬಟ್ಟಲು ಬರಿದು ಮಾಡಿದಳು.

"ನಿಂಗೆ ರುಚೀನೇ ಗೊತ್ತಾಗ್ತಿಲ್ಲ, ಅಲ್ವಾ?"

ಅವಳು ಬೆನ್ನ ಮೇಲಿನ ಮಗುವನ್ನು ತಟ್ಟುತ್ತಲೇ ಇದ್ದಳು. "ಚಳಿಗಾಲದಿಂದ್ಲೇ."

"ಗೊತ್ತಿದ್ದೂ ತಪ್ಪನ್ನ ಸೊಸೆ ಮೇಲೆ ಹಾಕಿದ್ಯಾ?"

"ನಾಲಿಗೆ ಸತ್ತೋಗಿದೆ ಅಂದಿದ್ರೆ ಕೀಲಿ ಅವಳಿಗೆ ಕೊಡ್ಬೇಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ. ನನ್ನ ಕಾಲ ಮುಗಿಯೋದು ನಂಗೆ ಬೇಕಿರ್ಲಿಲ್ಲ."

ನಾನು ನೆಟ್ಟಗೆ ಹೋಗಿ ಗ್ಯೂತೆಗೆ ಹೇಳಿದೆ. ಅವನು ಹೆಂಡತಿಯ ತವರಿಗೆ ಓಡಿದ. ಒಕ್ಬುನ್ ಅಲ್ಲಿರಲಿಲ್ಲ. ದೂರದ ಬೂಸಾನ್ ಪಟ್ಟಣದ ಯಾವುದೋ ಗಿರಣಿಗೆ ಸೇರಿದ್ದಾಳೆ, ಯಾವುದೆಂದು ಯಾರಿಗೂ ತಿಳಿಯದು. ಅವನು ಈಗಲೂ ರಜೆ ಸಿಕ್ಕಾಗೆಲ್ಲ ಹೋಗಿ ಗಿರಣಿಗಳ ಬಾಗಿಲಲ್ಲಿ ನಿಲ್ಲುತ್ತಾನೆ.

ಮಗು ಮಾತು ಕಲಿತಿದೆ. ಮಲ್ಸುನಮ್ಮನನ್ನು "ಅಮ್ಮಾ" ಎಂದು ಕರೆಯುತ್ತದೆ. ಅವಳು ತಿದ್ದುವುದಿಲ್ಲ, ಓಗೊಡುತ್ತಾಳೆ.