ಕಂಜಿಗೆ ಒಪ್ಪಿ ಮಾಡು ಹೊದಿಸಿದ್ದು

ನಾನು ಕುದುರಿಸಿದ ಮೊದಲ ವ್ಯಾಪಾರ ಒಂದು ಕರುವಿನದು. ಎಪ್ಪತ್ತರ ದಶಕ, ನನಗೆ ಹತ್ತು ವರ್ಷ. ಕಾಣಿಯೂರಿನ ಹತ್ತಿರ ನಮ್ಮದು ಒಂದೇ ಕೋಣೆಯ ಮನೆ. ಅಪ್ಪ ಊರವರ ಮನೆಗಳ ಮಾಡಿಗೆ, ಅಂದರೆ ಸೂರಿಗೆ, ಮುಳಿಹುಲ್ಲು ಹೊದಿಸುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ಹಾಲು ಮಾತ್ರ ಪಕ್ಕದ ಮನೆಯ ದನದ ಮರ್ಜಿ. ಅದು ಒದ್ದ ದಿನ ನಮಗೆ ಕಪ್ಪು ಚಾಯ. ನಮ್ಮದೇ ಒಂದು ದನ ಬೇಕೆಂಬುದು ಅಮ್ಮನ ದೊಡ್ಡ ಆಸೆ.

ಗುಡ್ಡದಾಚೆ ಒಬ್ಬ ಅಜ್ಜಿ ಇದ್ದರು. ಕೇರಳದ ಕಡೆಯಿಂದ ಬಂದವರು; ಅವರ ಮಾತಿನಲ್ಲಿ ಅರ್ಧ ಮಲಯಾಳ. ಮಳೆಗೆ ಮೊದಲು ಮಾಡು ಹೊದಿಸಬೇಕೆಂದು ಹೇಳಿ ಕಳಿಸಿದರು. ಕೂಲಿ ಎಷ್ಟೆಂದು ಬಾಯಿಬಿಟ್ಟು ಕೇಳಲು ಅಪ್ಪನಿಗೆ ನಾಚಿಕೆ. ಮಾತಾಡಲು ನಾನೇ ಹೋದೆ.

"ಹೊದಿಸಿದರೆ ಎಂತ ಕೊಡ್ತೀರಿ ಅಜ್ಜಿ?"

"ಕಂಜಿ ಕೊಡ್ತೇನೆ ಮಗಳೇ. ಬೇರೆ ಎಂತ ಉಂಟು ನನ್ನ ಹತ್ರ?"

ನಮ್ಮ ಮನೆಮಾತು ತುಳು; ತುಳುವಿನಲ್ಲಿ ಕಂಜಿ ಎಂದರೆ ಕರು. ಅಂಗಳದಲ್ಲೇ ಒಂದು ಕೆಂಪು ಹೆಣ್ಣು ಕರು ಕಟ್ಟಿತ್ತು. ನಾನು ಇನ್ನೊಂದು ಮಾತು ಕೇಳದೆ ಮನೆಗೆ ಓಡಿದೆ. ಅಮ್ಮ ಆ ಸಂಜೆಯೇ ತೆಂಗಿನ ನಾರಿನ ಹಗ್ಗ ಹೊಸೆದರು. ಅಪ್ಪ ಹಿತ್ತಿಲಲ್ಲಿ ಗೂಟ ಹುಗಿದರು.

ಮೂವರೂ ಎರಡು ದಿನ ದುಡಿದೆವು. ಮಧ್ಯಾಹ್ನ ಅಜ್ಜಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಬಡಿಸಿದರು. "ಕರುವನ್ನೂ ಕೊಟ್ಟು ಊಟವನ್ನೂ ಹಾಕ್ತಾರಲ್ಲ, ಎಂಥ ಮನಸ್ಸು!" ಎಂದು ಅಮ್ಮ ಎರಡೆರಡು ಸಲ ಬಡಿಸಿಕೊಂಡರು.

ಕೆಲಸ ಮುಗಿದದ್ದೇ ನಾನು ಕರುವಿನ ಕೊರಳಿಗೆ ನಮ್ಮ ಹಗ್ಗ ಹಾಕಿದೆ.

"ಅಯ್ಯೋ, ಎಂತ ಮಾಡುದು ಮಾರಾಯ್ತಿ!"

"ಕಂಜಿ ಕೊಡ್ತೇನೆ ಅಂದದ್ದಲ್ವಾ ನೀವು?"

"ಕೊಟ್ಟೆನಲ್ಲ! ಎರಡು ದಿನ ಕುಡಿದದ್ದು ಎಂತದು ಮತ್ತೆ?"

ಮಲಯಾಳದಲ್ಲಿ ಕಂಜಿ ಎಂದರೆ ಗಂಜಿ. ಮಾಡು ಹೊದಿಸುವುದು ನೆರೆಯವರು ಗಂಜಿ ಕುಡಿದು ಮಾಡಿಕೊಡುವ ಸಹಾಯ ಎಂದೇ ಅಜ್ಜಿ ತಿಳಿದಿದ್ದರು. ಅಪ್ಪ ಮಾಡಿನ ಮೇಲೆಯೇ ಕೂತು ನಗತೊಡಗಿದರು. ಅಮ್ಮ ನಗಲಿಲ್ಲ, ಕರುವಿನ ಬೆನ್ನ ಮೇಲಿಂದ ಕೈ ತೆಗೆಯಲೂ ಇಲ್ಲ.

ನೀವು ಯಾವ ವ್ಯಾಪಾರಕ್ಕೆ ಹೋದರೂ ವಸ್ತುವನ್ನು ಮುಟ್ಟಿ, "ಇದೇ ಅಲ್ವಾ?" ಎಂದು ಕೇಳಿಯೇ ಒಪ್ಪಿ. ಕೇಳದೆ ಕೆಟ್ಟಿರೋ, ಸಿಟ್ಟಾಗಬೇಡಿ. ಎದುರಿನವರಿಗೆ ಏನು ಕಷ್ಟ ಎಂದು ನೋಡಿ. ಅಜ್ಜಿಗೆ ಮಂಡಿನೋವು, ಗುಡ್ಡ ಹತ್ತಿ ಹುಲ್ಲು ತರಲು ಆಗುತ್ತಿರಲಿಲ್ಲ. ಕರುವಿನ ಪಕ್ಕೆಲುಬು ಕಾಣುತ್ತಿತ್ತು.

"ಅಜ್ಜಿ, ಇದನ್ನು ನಾವು ಸಾಕ್ತೇವೆ. ದೊಡ್ಡದಾಗಿ ಹಾಕುವ ಮೊದಲ ಕರು ನಿಮಗೆ, ದನ ನಮಗೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲ ಗಿಣ್ಣುಹಾಲೂ ನನಗೆ."

"ಅರ್ಧ."

"ಮಾಡು ಸೋರಿದರೆ?"

"ಅಪ್ಪ ಬರ್ತಾರೆ. ಗಂಜಿಗೇ ಬರ್ತಾರೆ."

"ಇವಳನ್ನು ಕಟ್ಟಿಕೊಳ್ಳುವವನ ಗತಿ ಎಂತ ಮಾರಾಯ್ರೆ!" ಎಂದು ಅಜ್ಜಿ ಅಪ್ಪನಿಗೆ ಕೂಗಿ ಹೇಳಿ, ತಾವೇ ಗೂಟದಿಂದ ಕರುವನ್ನು ಬಿಚ್ಚಿದರು.

ಕರು ಕದಲಲಿಲ್ಲ. ಅಮ್ಮ ತುಳುವಿನಲ್ಲಿ ಮುದ್ದು ಮಾಡಿದರು, ಅಪ್ಪ ಹಿಂದಿನಿಂದ ತಳ್ಳಿದರು. ಅಜ್ಜಿ ಬೇಲಿಯಾಚೆ ನಿಂತು ಮಲಯಾಳದಲ್ಲಿ "ವಾ ಮೋಳೇ, ವಾ", ಬಾ ಮಗಳೇ ಬಾ, ಎಂದರು, ಅದು ಕುಣಿಯುತ್ತ ಹೋಯಿತು. ಹಾಗೆ ಕರೆಯುತ್ತ, ಮಂಡಿನೋವಿನಲ್ಲೂ ಕುಂಟುತ್ತ, ಅವರೇ ನಮ್ಮ ಹಿತ್ತಿಲಿನವರೆಗೆ ಬರಬೇಕಾಯಿತು. ಮಳೆಗಾಲ ಮುಗಿಯುವ ತನಕವೂ ಅಮ್ಮ ಆ ಕರುವಿನ ಹತ್ತಿರ ಅಜ್ಜಿಯಿಂದ ಕಲಿತ ಮಲಯಾಳವನ್ನೇ ಮಾತಾಡಿದರು.