ಹಿಮದ ಹೊಟ್ಟೆ ಬಗೆಯುವ ಗುನ್ವೋರ್

ನಾನು ಒಮ್ಮೆ ಹಿಮಕುಸಿತವೊಂದನ್ನು ಓಟದಲ್ಲಿ ಸೋಲಿಸಿದವನು. ಸ್ಟೋರ್‌ಹೆಟ್ಟಾ ಬೆಟ್ಟದ ನೆತ್ತಿಯಿಂದ ಇಬ್ಬರೂ ಒಟ್ಟಿಗೇ ಹೊರಟೆವು. ನಾನು ಮೊದಲು ಕೆಳಗೆ ತಲುಪಿ, ಸ್ಕೀ ಬಿಚ್ಚಿ, ಆಸ್ಮುಂಡನ ಅಂಗಡಿಯಲ್ಲಿ ಎರಡು ಲೋಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಾಗಿಲಿಗೆ ಬಂದು ನಿಂತೆ. ಆಮೇಲೆ ಬಂತು ಆ ಹಿಮಕುಸಿತ, ತೇಕುತ್ತಾ. ನನ್ನನ್ನು ಕಂಡು ನಾಚಿ ರಸ್ತೆಯ ಆಚೆಗೇ ನಿಂತುಬಿಟ್ಟಿತು. ನಮ್ಮ ಸ್ಕಾರ್‌ವಿಕ್‌ನಲ್ಲಿ ಇದನ್ನು ನಂಬದವರು ಇನ್ನೂರ ಹದಿನಾಲ್ಕು ಜನ. ಊರಿನ ಜನಸಂಖ್ಯೆ, ನನ್ನನ್ನೂ ಸೇರಿಸಿ, ಅಷ್ಟೇ.

ಅಂಥ ನಾನು ಈ ಶುಕ್ರವಾರ, ನಮ್ಮ ಪತ್ರಿಕೆಯ ಪುರವಣಿಗೆ ಒಂದು ಬರಹಕ್ಕಾಗಿ, ಬೆಳಗಿನ ಐದೂಮುಕ್ಕಾಲಿಗೆ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದ ಹೆಂಗಸೊಬ್ಬಳ ಹಿಂದೆ ಏದುಸಿರು ಬಿಡುತ್ತಾ ಬೆಟ್ಟ ಹತ್ತುತ್ತಿದ್ದೇನೆ. ಮಾರ್ಚ್ ತಿಂಗಳ ಬೆಳಕು ಇನ್ನೂ ನೀಲಿಯಾಗಿಯೇ ಇದೆ. ಕೆಳಗೆ ಕೊಲ್ಲಿಯ ನೀರು ಕಬ್ಬಿಣದ ಬಣ್ಣಕ್ಕೆ ತಿರುಗಿದೆ. ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಮುಂದೆ ಹೋಗುತ್ತಿರುವ ಗುನ್ವೋರ್ ಮಿಕಾಲ್ಸೆನ್ ತಿರುಗಿಯೂ ನೋಡದೆ ಹೇಳುತ್ತಾಳೆ: "ಹನ್ನೊಂದು."

"ಏನು ಹನ್ನೊಂದು?"

"ಮೈನಸ್ ಹನ್ನೊಂದು. ನೀನು ಐವತ್ತು ಅಂತ ಬರೀತೀಯ, ಗೊತ್ತು ನಂಗೆ."

ಗುನ್ವೋರ್‌ಗೆ ಐವತ್ತೇಳು ವರ್ಷ. ಗಿಡ್ಡ ಆಳು, ಅಗಲ ಭುಜ, ಕೆಂಪು ಉಣ್ಣೆಯ ಟೋಪಿ. ನಮ್ಮ ಲಿಂಗೆನ್ ಪರ್ವತಸಾಲಿನಲ್ಲಿ ಸ್ಕೀ ಮಾಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಂದವರೆಲ್ಲ ಬೆಳಿಗ್ಗೆ ಎದ್ದು ಫೋನಿನಲ್ಲಿ ಒಂದೇ ಒಂದು ಅಂಕಿ ನೋಡುತ್ತಾರೆ: ಇವತ್ತು ಹಿಮಕುಸಿತದ ಅಪಾಯ ಐದರಲ್ಲಿ ಎಷ್ಟು? ಆ ಅಂಕಿಯ ಹಿಂದೆ ಕತ್ತಲಿನಲ್ಲೇ ಎದ್ದು, ಬೆಟ್ಟ ಹತ್ತಿ, ಗುಂಡಿ ತೋಡಿದ ಒಬ್ಬಳು ಇದ್ದಾಳೆ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಸುಮಾರು ಆರುನೂರು ಮೀಟರ್ ಎತ್ತರದಲ್ಲಿ, ಉತ್ತರಕ್ಕೆ ಮುಖ ಮಾಡಿದ ಪುಟ್ಟ ಇಳಿಜಾರಿನಲ್ಲಿ ಅವಳು ನಿಲ್ಲುತ್ತಾಳೆ. ಮೇಲೆ, ಬಂಡೆಗಳ ನಡುವೆ, ಸ್ಟೋರ್‌ಹೆಟ್ಟಾದ ಉತ್ತರದ ಕೊರಕಲು ಬೆಳ್ಳಗೆ ಇಳಿದಿದೆ. ನೇರವಾಗಿ ಅಲ್ಲಿಗೇ ಹೋಗಿ ತೋಡಬಾರದೇಕೆ ಎಂದು ಕೇಳುತ್ತೇನೆ.

"ಇದು ಅದರ ತಂಗಿ," ಎನ್ನುತ್ತಾಳೆ ಸನಿಕೆ ಜೋಡಿಸುತ್ತಾ. "ಅದೇ ದಿಕ್ಕು, ಅದೇ ಗಾಳಿ, ಅದೇ ಹಿಮ. ಅಕ್ಕನ ಮನಸ್ಸಲ್ಲಿ ಏನಿದೆ ಅಂತ ತಂಗೀನ ಕೇಳ್ಬೇಕು. ಅಕ್ಕನ್ನೇ ಕೇಳೋಕೆ ಹೋದ್ರೆ ಉತ್ತರ ಕೇಳಿಸ್ಕೊಳ್ಳೋಕೆ ನಾವಿರಲ್ಲ."

ಇಪ್ಪತ್ತು ನಿಮಿಷದಲ್ಲಿ ಎದೆಯೆತ್ತರದ ಗುಂಡಿ ಸಿದ್ಧ. ಅದರ ಒಂದು ಗೋಡೆಯನ್ನು ಅವಳು ಬೆಣ್ಣೆ ಸವರಿದಷ್ಟು ನಯವಾಗಿ ಕೆತ್ತುತ್ತಾಳೆ. ಚಳಿಗಾಲವೆಲ್ಲ ಅಲ್ಲಿ ಪದರಪದರವಾಗಿ ಕೂತಿದೆ. ಪ್ರತಿ ಪದರ ಎಷ್ಟು ಗಟ್ಟಿ ಎಂದು ನೋಡಲು ಮೊದಲು ಮುಷ್ಟಿ ಒತ್ತುತ್ತಾಳೆ. ಮುಷ್ಟಿ ಹೋಗದಿದ್ದರೆ ಬೆರಳು, ಬೆರಳು ಹೋಗದಿದ್ದರೆ ಪೆನ್ಸಿಲ್, ಅದೂ ಹೋಗದಿದ್ದರೆ ಚಾಕು. ಎಡಗೈಯ ಎರಡು ಬೆರಳತುದಿಗಳಿಗೆ ಸ್ಪರ್ಶವಿಲ್ಲ, ಹಳೆಯ ಚಳಿಯೊಂದು ಕೊಂಡೊಯ್ದಿದೆ. ಹಾಗಾಗಿ ಎಲ್ಲ ಬಲಗೈಯದೇ ಕೆಲಸ.

ಆಮೇಲೆ ಗೋಡೆಯಿಂದ ಒಂದು ಕಂಬವನ್ನು ಬೇರ್ಪಡಿಸಿ, ಅದರ ತಲೆಯ ಮೇಲೆ ಸನಿಕೆಯಿಟ್ಟು ತಟ್ಟುತ್ತಾಳೆ. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮೂವತ್ತನ್ನೂ ತಡೆದುಕೊಂಡರೆ ಗಟ್ಟಿ ಹಿಮ. ಇವತ್ತು ಹದಿಮೂರನೆಯ ಪೆಟ್ಟಿಗೆ ಕಂಬದ ಮೇಲ್ಭಾಗ ಮೇಜಿನ ಖಾನೆ ಎಳೆದ ಹಾಗೆ ಸರ್ರನೆ ಜಾರಿ ಅವಳ ಮಡಿಲಿಗೆ ಬೀಳುತ್ತದೆ. ಜಾರಿದ ಜಾಗದಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿಯುತ್ತಾಳೆ. ಹರಳುಹರಳಾದ, ಒಂದಕ್ಕೊಂದು ಅಂಟದ ಹಿಮ.

"ಸಕ್ಕರೆ," ಎನ್ನುತ್ತಾಳೆ. "ಡಿಸೆಂಬರಿಂದು. ಅದರ ಮೇಲೆ ಗಾಳಿ ನಲವತ್ತೆಂಟು ಸೆಂಟಿಮೀಟರ್ ಗಟ್ಟಿ ಹಲಗೆ ಕೂರಿಸಿದೆ. ಸಕ್ಕರೆ ಮೇಲೆ ಹಲಗೆ ಇಟ್ಟು, ಹಲಗೆ ಮೇಲೆ ನೀನು ಕುಣಿದ್ರೆ ಏನಾಗತ್ತೆ?"

"ನಾನು ಕುಣಿದ್ರೆ ಬೆಟ್ಟಾನೇ ಕುಣಿಯತ್ತೆ."

"ಅದನ್ನೇ ಹೇಳಿದ್ದು."

ಗುನ್ವೋರ್ ಏಳುವುದು ನಾಲ್ಕೂವರೆಗೆ. ಎಂಟೂಕಾಲಿನೊಳಗೆ ವರದಿ, ಆ ಅಂಕಿ ಪ್ರಕಟಿಸುವ ಇಲಾಖೆಗೆ ಹೋಗಿರಬೇಕು. ನವೆಂಬರ್ ಕೊನೆಯಿಂದ ಮೇ ತಿಂಗಳವರೆಗೆ, ವಾರಕ್ಕೆ ಐದು ದಿನ, ಹತ್ತೊಂಬತ್ತು ಚಳಿಗಾಲ. ಇಷ್ಟು ವರ್ಷದಲ್ಲಿ ತೋಡಿದ ಗುಂಡಿ ಮೂವತ್ತು ಸಾವಿರ ಎಂದು ನಾನು ಬರೆದುಕೊಳ್ಳುತ್ತಿದ್ದಾಗ, ನನ್ನ ಕೈಯಿಂದ ಪೆನ್ನು ಕಿತ್ತು ಅವಳೇ ತಿದ್ದಿದಳು: ಎರಡು ಸಾವಿರದ ಅರವತ್ತೊಂದು, ಇವತ್ತಿನದೂ ಸೇರಿ. ಭುಜ ಕೆಟ್ಟ ವರ್ಷ ಇಪ್ಪತ್ತೊಂಬತ್ತು ತಪ್ಪಿದವು. ಆ ಇಪ್ಪತ್ತೊಂಬತ್ತರ ಸಂಕಟ ಅವಳ ಮುಖದಲ್ಲಿ ಇನ್ನೂ ಇದೆ.

ಅದಕ್ಕೂ ಮುಂಚೆ ಇಪ್ಪತ್ತೊಂದು ವರ್ಷ ಊರಿನ ಸೀಗಡಿ ಕಾರ್ಖಾನೆಯಲ್ಲಿ ತೂಕ ನೋಡುವ ಕೆಲಸ. ಹಿಮ ನೋಡಲು ಊರಿನವರೊಬ್ಬರು ಬೇಕೆಂದು ಇಲಾಖೆಯ ಅಧಿಕಾರಿ ಬಂದಾಗ ಆಗಿನ ಮೇಸ್ತ್ರಿ ಹೇಳಿದನಂತೆ: "ನಮ್ಮಲ್ಲೊಬ್ಬಳಿದ್ದಾಳೆ ಸ್ವಾಮಿ. ನಲವತ್ತೇಳು ಗ್ರಾಂ ಇದ್ರೆ ಐವತ್ತು ಅನ್ನೋಕೆ ಬರಲ್ಲ ಅವಳಿಗೆ. ದೊಡ್ಡ ತಲೆನೋವು. ದಯವಿಟ್ಟು ಕರ್ಕೊಂಡು ಹೋಗಿ."

ಈ ಕೆಲಸಕ್ಕೆ ಹೊಗಳಿಕೆ ಇಲ್ಲ. ಅವಳು ಅಪಾಯ ಎಂದ ದಿನ ಹಿಮ ಕುಸಿಯದಿದ್ದರೆ ಬೈಗುಳ. ಕುಸಿದರೆ, ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಯಾರಿಗೂ ಗೊತ್ತಾಗುವುದಿಲ್ಲ. ಒಂದು ವರ್ಷ ಮೂರು ವಾರ ಸತತವಾಗಿ "ಕೆಳಗೆ ಸಕ್ಕರೆ ಇದೆ" ಎಂದು ಬರೆದಾಗ ಯಾರೋ ಕಿಡಿಗೇಡಿಗಳು ಅವಳ ಮನೆಬಾಗಿಲಲ್ಲಿ ಒಂದು ಬಕೆಟ್ ಸಕ್ಕರೆ ಇಟ್ಟುಹೋಗಿದ್ದರು. ಅದರಲ್ಲಿ ಕೇಕ್ ಮಾಡಿ ಊರಿಗೆಲ್ಲ ಹಂಚಿದಳು. "ಇಟ್ಟೋರೂ ತಿಂದಿರ್ತಾರೆ," ಎನ್ನುತ್ತಾಳೆ, "ಯಾರು ಎರಡು ತುಂಡು ತಗೊಳ್ಳೋಕೆ ನಾಚಿಕೊಂಡ್ರೋ ಅವರೇ."

ಇವತ್ತಿನ ಅಂಕಿ ಮೂರು. ನಾಲ್ಕು ಎನ್ನಬಾರದೇ, ಜನ ಇನ್ನಷ್ಟು ಹೆದರಲಿ ಎಂದು ನಾನು ಉದಾರವಾಗಿ ಸಲಹೆ ಕೊಡುತ್ತೇನೆ.

"ಮೂರು ಅಂದ್ರೆ ಮೂರು. ಇವತ್ತು ಸುಮ್ನೆ ನಾಲ್ಕು ಅಂದ್ರೆ, ನಾಳೆ ನಿಜವಾಗ್ಲೂ ನಾಲ್ಕು ಬಂದಾಗ ಯಾರು ನಂಬ್ತಾರೆ? ಆದ್ರೂ ನಂಗೆ ಭಯ ಮೂರರದ್ದೇ. ನಾಲ್ಕಕ್ಕೆ ಮನೇಲಿರ್ತಾರೆ. ಮೂರಕ್ಕೆ 'ನೋಡೋಣ' ಅಂತ ಹೊರಡ್ತಾರೆ."

ಹಾಗೆ "ನೋಡೋಣ" ಎನ್ನುವವರು ಅವತ್ತು ಮಧ್ಯಾಹ್ನವೇ ಆಸ್ಮುಂಡನ ಅಂಗಡಿಯಲ್ಲಿ ಕಾಯುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಕಾಫಿ ಪಾತ್ರೆ, ನಾಲ್ಕು ಕುರ್ಚಿ. ಊರಿನ ಸಂಸತ್ತು ಅದೇ. ಸೀಗಡಿ ಕಾರ್ಖಾನೆಯ ಈಗಿನ ಮೇಸ್ತ್ರಿ ತುರಿಡ್ ಅಲ್ಲಿ ಕೂತಿದ್ದಾಳೆ. ಕಾರ್ಖಾನೆಯ ಹನ್ನೊಂದು ಹೆಂಗಸರು ಪ್ರತಿವರ್ಷ ಈಸ್ಟರ್‌ಗೆ ಮುಂಚಿನ ಒಂದು ಶನಿವಾರ ಸ್ಟೋರ್‌ಹೆಟ್ಟಾ ಹತ್ತುತ್ತಾರೆ. ಹಿಮ ಒಪ್ಪಿದರೆ ಉತ್ತರದ ಕೊರಕಲಿನಲ್ಲಿ ಇಳಿಯುತ್ತಾರೆ. ಎರಡು ವರ್ಷದಿಂದ ಒಪ್ಪಿರಲಿಲ್ಲ.

"ನಾಳೆ ಕೊರಕಲು ಬೇಡ ತುರಿಡ್," ಎಂದಳು ಗುನ್ವೋರ್, ಕೈಗವಸು ಬಿಚ್ಚುತ್ತಾ.

"ಪ್ರತಿವರ್ಷ ಇದೇ 'ಬೇಡ'! ನಮ್ಮ ಅಸ್ತಾ ಮೇ ತಿಂಗಳಲ್ಲಿ ನಿವೃತ್ತಿ ಆಗ್ತಾಳೆ, ಅವಳಿಗೆ ಇದೇ ಕೊನೆ. ಮತ್ತೆ ನೀನು ಬೇಡ ಅಂತೀಯ, ಓಡ್ವಾರ್ ಮಂಗಳವಾರ ಅಲ್ಲೇ ಇಳಿದಿದ್ದಾನಲ್ಲ!"

ಓಡ್ವಾರ್ ಎಂದರೆ ನಾನು.

ಸ್ಟೋರ್‌ಹೆಟ್ಟಾದ ನೆತ್ತಿಯಲ್ಲಿ, ಕಲ್ಲುಗುಪ್ಪೆಗೆ ಬಿಗಿದ ತಗಡಿನ ಡಬ್ಬಿಯಲ್ಲಿ ಒಂದು ಪುಸ್ತಕವಿದೆ. ಹತ್ತಿದವರು ಅದರಲ್ಲಿ ಹೆಸರು, ತಾರೀಖು, ಯಾವ ಕಡೆ ಇಳಿಯುತ್ತೇವೆ ಎಂಬುದನ್ನು ಬರೆಯಬೇಕು. ಬಾರದೆ ಉಳಿದರೆ ಹುಡುಕಲು ಹೋಗುವವರಿಗೆ ಅದೇ ದಾರಿ. ಗುರುವಾರ ದಾರಿ ನೋಡಲು ಹತ್ತಿದ್ದ ತುರಿಡ್ ನನ್ನ ಸಾಲಿನ ಫೋಟೋ ತೆಗೆದುಕೊಂಡಿದ್ದಳು. ಫೋನು ಕೈಯಿಂದ ಕೈಗೆ ಹೋಯಿತು. "ಓಡ್ವಾರ್ ಲೀಟ್. ಮಂಗಳವಾರ. ಉತ್ತರದ ಕೊರಕಲು. ಹಿಮ ಬೆಣ್ಣೆಯ ಹಾಗೆ, ಒಂದು ಬಿರುಕಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕುರ್ಚಿಯಲ್ಲಿ ಸ್ವಲ್ಪ ಉಬ್ಬಿದೆ.

"ಲೇ, ನಿಜವಾಗ್ಲೂ ಇಳಿದ್ಯೇನೋ?" ಎಂದ ಆಸ್ಮುಂಡ್. "ನಮ್ಮ ಅಂಗಡಿ ಮೆಟ್ಟಿಲು ಇಳಿಯೋಕೇ ಕಂಬಿ ಹಿಡ್ಕೋತೀಯ."

"ಹನ್ನೆರಡು ತಿರುವು," ಎಂದೆ. "ಹದಿಮೂರನೇದು ಬೇಡ ಅನ್ನಿಸ್ತು, ಬಿಟ್ಟೆ."

ಗುನ್ವೋರ್ ನಗಲಿಲ್ಲ. ತನ್ನ ಟಿಪ್ಪಣಿ ಪುಸ್ತಕ ಬಿಚ್ಚಿದಳು. "ಇಳಿದಿದ್ರೆ ಅದು ನಂಗೆ ಬೇಕಾದ ವಿಷಯ. ಬುಧವಾರ, ಗುರುವಾರದ ಗಾಳಿಗೆ ಸ್ಕೀ ಗುರುತೆಲ್ಲ ಅಳಿಸಿದೆ, ನೋಡೋಕೆ ಆಗಲ್ಲ. ಒಬ್ಬ ಇಳಿದೂ ಹಿಮ ತಡ್ಕೊಂಡಿದೆ ಅಂದ್ರೆ ನಾನು ಇಲಾಖೆಗೆ ಮತ್ತೆ ಫೋನ್ ಮಾಡ್ಬೇಕು. ಯಾವ ಬದಿಯಿಂದ ಇಳಿದೆ?"

"ಎಡಬದಿ. ಬಂಡೆ ಪಕ್ಕ."

ಬರೆದುಕೊಂಡಳು. ತುರಿಡ್‌ಳ ಮುಖ ಅರಳಿತು. ಗುನ್ವೋರ್ ಫೋನನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡು ಆ ಸಾಲನ್ನು ನಿಧಾನವಾಗಿ ಓದಿದಳು.

"ಓಡ್ವಾರ್, ಈ ಫೋಟೋದಲ್ಲಿರೋ ಪುಸ್ತಕ ಇರೋದು ಬೆಟ್ಟದ ತುದೀಲಿ."

"ಹೌದು."

"ನೀನು ಬರೆದಾಗ ನೀನೂ ತುದೀಲೇ ಇದ್ದೆ."

"ಹೌದು."

"ಮತ್ತೆ ಕೊರಕಲಲ್ಲಿ ಹಿಮ ಬೆಣ್ಣೆ ಹಾಗಿತ್ತು, ಬಿರುಕಿರಲಿಲ್ಲ ಅಂತ ಹೇಗೆ ಗೊತ್ತಾಯ್ತು? ಇಳಿದ ಮೇಲೆ ಇನ್ನೊಂದ್ಸಲ ಹತ್ತಿ ಬಂದು ಬರೆದ್ಯಾ?"

ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎರಡು ಸಲ ಹತ್ತಿದೆ ಎಂದಿದ್ದರೆ ಸಾಕಿತ್ತು. ಗಾಳಿ ಎಲ್ಲ ಅಳಿಸಿತ್ತು, ಸಾಕ್ಷಿ ಕೇಳುವವರಿಲ್ಲ. ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ನಾನು ತಿಂಡಿಗೆ ಮುಂಚೆಯೇ ಹೇಳಿದ್ದೇನೆ. ಗುನ್ವೋರ್ ಪೆನ್ನು ಹಿಡಿದು ಕಾಯುತ್ತಿದ್ದಳು. ನಾನೇನು ಹೇಳಿದರೂ ಹಾಗೇ ಬರೆದುಕೊಳ್ಳುತ್ತಿದ್ದಳು. ನಾಳೆ ಬೆಳಿಗ್ಗೆ ಆ ಮಾತಿನ ಮೇಲೆ ಹನ್ನೊಂದು ಜನ ಕಾಲಿಡುತ್ತಿದ್ದರು.

"ಇಳಿಯಲಿಲ್ಲ," ಎಂದೆ.

ಗುನ್ವೋರ್ 'ಎಡಬದಿ' ಎಂದು ಬರೆದುಕೊಂಡಿದ್ದರ ಮೇಲೆ ಗೆರೆ ಎಳೆದಳು.

"ನೆತ್ತಿಗೆ ಹೋಗಿದ್ದು ನಿಜ. ಮೊದಲೇ ಬರೆದುಬಿಟ್ಟೆ. ಆಮೇಲೆ ಕೊರಕಲಿನ ಅಂಚಿಗೆ ಹೋಗಿ ನಿಂತೆ. ಹೆದರಿಕೆ ಆಯ್ತು. ಸ್ಕೀ ಹೆಗಲಿಗೆ ಹಾಕ್ಕೊಂಡು ದಕ್ಷಿಣದ ಕಡೆಯಿಂದ ಬಂದೆ. ಕೂತ್ಕೊಂಡು ಜಾರ್ತಾ. ಎರಡು ಗಂಟೆ ನಲವತ್ತು ನಿಮಿಷ."

"ಥೂ ನಿನ್ನ!" ತುರಿಡ್ ಎದ್ದು ನಿಂತಳು. "ನಾವು ಹನ್ನೊಂದು ಜನ ಸತ್ತಿದ್ರೆ ನಮ್ಮ ಶ್ರದ್ಧಾಂಜಲೀನೂ ನೀನೇ ಬರೀತಿದ್ದೆ, ಅದರಲ್ಲೂ ನಲವತ್ತು ಜನ ಅಂತ!"

ನಾನು ತಲೆ ತಗ್ಗಿಸಿದೆ. ಮಂಗಳವಾರ ಕೊರಕಲಿನ ಅಂಚಿನಲ್ಲಿ ನಿಂತಾಗ ಪುಸ್ತಕ ನನ್ನಿಂದ ಇಪ್ಪತ್ತೇ ಹೆಜ್ಜೆ ಹಿಂದಿತ್ತು. ವಾಪಸ್ ಹೋಗಿ ಒಂದು ಗೆರೆ ಎಳೆಯಬಹುದಿತ್ತು. ಎಳೆದಿರಲಿಲ್ಲ.

ಗುನ್ವೋರ್ ಮಾತ್ರ ಬೈಯಲಿಲ್ಲ. ಹೊಸ ಹಾಳೆ ತಿರುವಿದಳು. "ಯಾಕೆ ಹೆದರಿದೆ? ಅದನ್ನ ಹೇಳು."

"ಅಂಚಿನ ಹತ್ರ ಕಾಲಿಟ್ಟೆ. ಕೆಳಗೆಲ್ಲೋ ಧೊಪ್ ಅಂತು. ಸುತ್ತ ಹಿಮವೆಲ್ಲ ಒಂದು ಬೆರಳಷ್ಟು ಕೆಳಗೆ ಕೂತ ಹಾಗಾಯ್ತು."

"ಎಷ್ಟು ದೂರದವರೆಗೆ?"

"ಹತ್ತು ಮೀಟರ್ ಇರಬಹುದು." ಅವಳು ಬರೆದುಕೊಳ್ಳಲಿಲ್ಲ. "ಆರು," ಎಂದೆ. "ಆರು ಮೀಟರ್. ಸತ್ಯವಾಗಿ."

ಆರು ಎಂದು ಬರೆದು ಕೆಳಗೆ ಗೆರೆ ಎಳೆದಳು. "ಸಕ್ಕರೆ ಕುಸಿದ ಸದ್ದು ಅದು. ನನ್ನ ಗುಂಡಿ ಹೇಳೋದಕ್ಕಿಂತ ಹೆಚ್ಚಿಗೆ ಹೇಳತ್ತೆ. ಮಂಗಳವಾರದಿಂದ ನಿನ್ನ ಹತ್ರ ಇತ್ತು. ಬೆಣ್ಣೆ ಬರೆದೆ, ಧೊಪ್ ಬರೀಲಿಲ್ಲ."

ಬೆಳಿಗ್ಗೆ ಬೆಟ್ಟದ ಮೇಲೆ ನಾನು ಅವಳನ್ನು, ಈ ಕೆಲಸದಲ್ಲಿ ನಿನಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದ್ದೆ. ಅದಕ್ಕೆ ಉತ್ತರವನ್ನು ಈಗ ಅಂಗಡಿಯಲ್ಲಿ, ಕಾಫಿ ಬಗ್ಗಿಸಿಕೊಳ್ಳುತ್ತಾ, ಕೊಟ್ಟಳು.

"ಹತ್ತೊಂಬತ್ತು ವರ್ಷದಿಂದ ಆ ಪುಸ್ತಕ ಓದ್ತಿದ್ದೀನಿ. 'ಚೆನ್ನಾಗಿತ್ತು', 'ಅದ್ಭುತ', 'ಬೆಣ್ಣೆ'. ಹೆದರಿ ವಾಪಸ್ ಬಂದೆ ಅಂತ ಒಬ್ರೂ ಬರೆದಿಲ್ಲ. ಎಷ್ಟು ಜನ ಹೆದರಿರ್ತಾರೆ! ಯಾರಾದ್ರೂ ಒಬ್ರು ಬರೀಲಿ ಅಂತ ನಂಗಾಸೆ."

ಶನಿವಾರ ಹನ್ನೊಂದು ಹೆಂಗಸರೂ ದಕ್ಷಿಣದಿಂದಲೇ ಇಳಿದು ಬಂದರು. ಅಸ್ತಾ ಮೂರು ಸಲ ಬಿದ್ದು ಮೂರು ಸಲವೂ ನಕ್ಕಳಂತೆ. ಉತ್ತರದ ಕೊರಕಲು ಅವತ್ತು ಕುಸಿಯಲಿಲ್ಲ, ಭಾನುವಾರವೂ ಕುಸಿಯಲಿಲ್ಲ. "ಗುಡುಗುತ್ತಾ ಕುಸಿಯಿತು" ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಈ ಪುರವಣಿಯನ್ನು ಗುನ್ವೋರ್ ಓದುತ್ತಾಳೆ.

ಭಾನುವಾರ ನಾನೊಬ್ಬನೇ ದಕ್ಷಿಣದ ದಾರಿಯಲ್ಲಿ ಹತ್ತಿದೆ. ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು, ನಾಲ್ಕು ಸಲ ಕೂತೆ. ಡಬ್ಬಿ ತೆರೆದು, ನನ್ನ ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಹೀಗೆ ಬರೆದೆ:

"ಓಡ್ವಾರ್ ಲೀಟ್. ಮಂಗಳವಾರ ನಾನು ಉತ್ತರದ ಕೊರಕಲಿಗೆ ಇಳಿಯಲಿಲ್ಲ. ಅಂಚಿನಲ್ಲಿ ಧೊಪ್ ಎಂದಿತು, ಆರು ಮೀಟರ್. ಹೆದರಿ ವಾಪಸ್ ಬಂದೆ. ಇವತ್ತೂ ದಕ್ಷಿಣದಿಂದಲೇ ಇಳಿಯುತ್ತೇನೆ. ಬಹುಶಃ ಕೂತುಕೊಂಡೇ."